ನಾಲ್ಕು ಬೆರಳಿನ ಎಣ್ಣೆ

ರಾಚಪ್ಪ ಮಾಸ್ತರರ ಬೋಳು ತಲೆಗೆ ೧೯೬೨ರ ಒಂದು ಅಮಾವಾಸ್ಯೆಯ ಮುಂಜಾನೆ ಒಬ್ಬ ಮುದುಕಿ ಔಡಲೆಣ್ಣೆ ಹಚ್ಚಿದಳು.

ತಪ್ಪು ತಲೆಯದೇ. ಹಿಡಕಲ್ ಹತ್ತಿರದ ಆ ಹಳ್ಳಿಯಲ್ಲಿ, ಕೇರಿಯ ಹೊರಗೆ, ಕುಳಿತ ಮನುಷ್ಯನಷ್ಟು ಎತ್ತರದ ಒಂದು ವೀರಗಲ್ಲಿತ್ತು. ಹೊತ್ತು ಹುಟ್ಟುವಾಗಿನ ಅಡ್ಡ ಬಿಸಿಲಿನಲ್ಲಿ ಮಾತ್ರ ಸವೆದ ಅಕ್ಷರಗಳು ಎದ್ದು ಕಾಣುತ್ತವೆಂದು ಮಾಸ್ತರರು ನಸುಕಿನಲ್ಲೇ ಬಂದು, ಕಲ್ಲಿನ ಮಗ್ಗುಲಿಗೆ ಕರಿ ಕಂಬಳಿ ಹೊದ್ದು ಕುಕ್ಕರುಗಾಲಲ್ಲಿ ಕುಳಿತಿದ್ದರು. ಸೂರ್ಯನಿಗಿಂತ ಮೊದಲು ನಿದ್ದೆ ಬಂತು. ಎಚ್ಚರಾದಾಗ ನೆತ್ತಿಯ ಮೇಲೆ ತಣ್ಣನೆಯ ಅಂಗೈ ಹರಿದಾಡುತ್ತಿತ್ತು.

“ಇವತ್ತ ಬೆಚ್ಚಗ ಆಗೀಯಲ್ಲೋ ನನ್ನಪ್ಪಾ. ಮೈಯಾಗ ನೆಟ್ಟಗಿಲ್ಲೇನು?”

ಮುದುಕಿ ಕಾಡವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಾಸ್ತರರು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಅವಳು ದೇವರ ಹತ್ತಿರ ಮಾತ್ರ ಆಡುವ ಮಾತು ಸುರುಮಾಡಿಬಿಟ್ಟಿದ್ದಳು.

“ಅಣೆಕಟ್ಟಿನ ನೀರು ಬರತೈತಂತ. ಮಗಳು ಕುಲಗೋಡಕ್ಕ ಬಾ ಅಂತಾಳ. ನಿನ್ನ ನೀರಾಗ ಬಿಟ್ಟು ಹ್ಯಾಂಗ ಹೋಗ್ಲಿ? ಮ್ಯಾಲಿನ ದಂಡಿಗೆ ಬರ್ತಿಯೇನು? ಅಮಾಸಿ ಎಣ್ಣಿ ತಪ್ಪಸೂದಿಲ್ಲ. ಬರೂದಾದ್ರ ತಲಿ ಅಳಗಾಡ್ಸು.”

ಅದೇ ಹೊತ್ತಿಗೆ ಎಣ್ಣೆ ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಯಿತು. ಮಾಸ್ತರರ ತಲೆ ಅಲುಗಾಡಿತು.

ಕಾಡವ್ವ ಚೀರಲಿಲ್ಲ. ಬಹಳ ವರ್ಷ ಕಾದ ಕಾಗದ ಕೈಗೆ ಬಂದವಳಂತೆ ಸೆರಗು ಹಣೆಗೊತ್ತಿಕೊಂಡು ಹೋದಳು. ಮಾಸ್ತರರು ತಲೆ ಮುಟ್ಟಿ ನೋಡಿಕೊಂಡರು. ಎಣ್ಣೆಯ ಗೆರೆ ನಾಲ್ಕೇ ಇದ್ದವು. ಉಂಗುರದ ಬೆರಳು ಇರಬೇಕಾದಲ್ಲಿ ಒಣ ಪಟ್ಟಿ. ಪಕ್ಕದ ಕಲ್ಲಿನ ಮೇಲೂ ಹಾಗೆಯೇ, ವರ್ಷಾನುಗಟ್ಟಲೆಯ ಜಿಡ್ಡಿನಲ್ಲಿ ನಾಲ್ಕು ದಾರಿ. ಆ ಬೆರಳು ಎಳೆ ವಯಸ್ಸಿನಲ್ಲೇ ಕಬ್ಬಿನ ಗಾಣಕ್ಕೆ ಹೋಗಿತ್ತೆಂದು ಆಮೇಲೆ ತಿಳಿಯಿತು.

ಈ ಮನುಷ್ಯ ಕಲ್ಲಿನ ಗೊಡವೆಗೆ ಬಿದ್ದದ್ದೂ ತಪ್ಪಿನಿಂದಲೇ. ಮೂಡಲಗಿಯ ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದಾಗ, ನಲವತ್ತೇಳರ ಆಗಸ್ಟಿನಲ್ಲಿ, ಗೋಡೆಗೆ ಬಾವುಟ ಬರೆಯಲು ಹೇಳಿದರು. ಬಣ್ಣ ಅರೆಯಲು ಬಟ್ಟೆ ಒಗೆಯುವ ಕಲ್ಲನ್ನು ಮಗುಚಿದರೆ, ಕೆಳಗೆ ಕುದುರೆ ಏರಿದ ಒಬ್ಬ ವೀರ ಕೆಸರಿನಲ್ಲಿ ಮುಖ ಹುದುಗಿಸಿ ಮಲಗಿದ್ದ. ಅಂದಿನಿಂದ ರವಿವಾರವೆಲ್ಲ ಸೈಕಲ್ಲು, ಹಸಿ ಕಾಗದ, ಬ್ರಷ್ಷು, ಮಸಿ. ಹಳಗನ್ನಡ ಲಿಪಿ ತಾವೇ ಕಲಿತರು. ಮಸಗುಪ್ಪಿಯಿಂದ ಹುಕ್ಕೇರಿವರೆಗೆ ಶಾಸನಗಳ ಪಡಿಯಚ್ಚು ತೆಗೆದರು. ಐವತ್ತನಾಲ್ಕರಲ್ಲಿ ಗೋಕಾಕದ ಹಳೆಯ ಅರಳೆ ಗೋದಾಮು ಸಂಗ್ರಹಾಲಯವಾದಾಗ ಅದರ ಕ್ಯುರೇಟರರಾದರು. ಆ ಪದಕ್ಕೆ ಯಾರ ನಾಲಿಗೆಯೂ ಹೊರಳಲಿಲ್ಲ. ಊರವರು ‘ಕಲ್ಲ ಮಾಸ್ತರ’ ಎಂದರು. ಊರ ಹೊರಗಿನ ಕಲ್ಲು ಕಳೆದುಕೊಂಡವರು ಲ-ಳ ವ್ಯತ್ಯಾಸ ನೋಡಲಿಲ್ಲ. ಪುರಾತತ್ತ್ವದ ಕೆಲಸದಲ್ಲಿ ಪುರಾತನವಾದದ್ದು ಪಗಾರ ಮಾತ್ರ, ತತ್ತ್ವವನ್ನು ತಾವೇ ತರಬೇಕಿತ್ತು.

ತಲೆಯಾಡಿಸಿದ ಮೇಲೆ ತಲೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮುಂದಿನ ತಿಂಗಳು ಎರಡು ಜೋಡಿ ಎತ್ತಿನ ಬಂಡಿಯಲ್ಲಿ ವೀರಗಲ್ಲು ಗೋಕಾಕಕ್ಕೆ ಬಂತು. ಅಮಾವಾಸ್ಯೆಯ ದಿನ ಕುಲಗೋಡದ ಮೊದಲ ಬಸ್ಸಿಗೆ ಕಾಡವ್ವನೂ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತಳು. ಕಲ್ಲಿನ ಮುಂದೆ ಮಸುಕಾಗಿ ಬೆಳ್ಳಗೆ ಕಂಡ ಹಲಗೆ ತೋರಿಸಿ ಕಾವಲುಗಾರ ಮಾಳಪ್ಪನನ್ನು ಕೇಳಿದಳು:

“ಅಲ್ಲೇನ ಬರದೈತೋ ತಮ್ಮಾ?”

“ಮುಟ್ಟಬಾರದು ಅಂತ ಬರದೈತಿ, ಯವ್ವಾ.”

“ಯಾರಿಗಿ ಹೇಳಿದ್ದದು? ಅದನ್ನ ಮುಟ್ಟಬಾರದಂತೋ, ನನ್ನ ಮುಟ್ಟಬಾರದಂತೋ?”

ಮಾಸ್ತರರು ಎದ್ದು ಬಂದು ಹಲಗೆಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದರು. “ಬಾ ಯವ್ವಾ. ನಿನ್ನ ಮನಿ ಕಲ್ಲದು.”

ಅಲ್ಲಿಂದ ನಾಲ್ಕು ವರ್ಷ ಪ್ರತಿ ಅಮಾವಾಸ್ಯೆಗೆ ಹಲಗೆ ತಿರುಗಿತು. ನಿಯಮದ ಪ್ರಕಾರ ಇದು ಅಪರಾಧ. ಸಂಗ್ರಹದ ವಸ್ತುವಿಗೆ ಪೂಜೆ ನಡೆದರೆ ಸಂಗ್ರಹಾಲಯಕ್ಕೆ ಬೀಗ, ಕಲ್ಲುಗಳೆಲ್ಲ ದೂರದ ಉಗ್ರಾಣಕ್ಕೆ. ಮಾಸ್ತರರು ಕಾಡವ್ವನಿಗೆ ಇದನ್ನು ಹೇಳಲೇ ಇಲ್ಲ. ಅವಳು ಮಾತ್ರ ಒಂದು ಮಾತು ಹೇಳಿದ್ದಳು: “ಎಣ್ಣಿ ತಪ್ಪಿದ್ರ ಅದು ಸುಮ್ಮನಿರೂದಿಲ್ಲ ಸಾಹೇಬ್ರ. ಮನಿಯವರ ಹೆಸರ ಹಿಡದು ಕರೀತೈತಿ.”

ಅರವತ್ತಾರರ ಬೇಸಿಗೆಯಲ್ಲಿ ಕಾಡವ್ವ ತೀರಿಕೊಂಡಳು. ಮುಂದಿನ ಅಮಾವಾಸ್ಯೆಗೆ ಯಾರೂ ಬರಲಿಲ್ಲ. ಮಾರನೆಯ ದಿನ ನಡು ಮಧ್ಯಾಹ್ನ, ಬಿಸಿಲು ಹೆಂಚಿನ ಸಂದಿಯಿಂದ ಕಡ್ಡಿಯಂತೆ ಇಳಿಯುತ್ತಿದ್ದಾಗ, ಕಸ ಗುಡಿಸುತ್ತಿದ್ದ ಮಾಳಪ್ಪ ಪೊರಕೆ ಹಿಡಿದುಕೊಂಡೇ ಹೊರಗೆ ಬಂದ.

“ಸರ, ಒಳಗ ಯಾರೋ ನಿಮ್ಮನ್ನ ಕರ್ಯಾಕತ್ತಾರ್ರಿ.”

“ಒಳಗ ಯಾರೂ ಇಲ್ಲಲ್ಲೋ.”

“ಅದಕ್ಕ ಹೇಳಾಕ ಬಂದೇನ್ರಿ. ಸರ ಅನ್ನಲಿಲ್ಲ, ಮಾಸ್ತರ ಅನ್ನಲಿಲ್ಲ. ಬರೇ ‘ರಾಚಪ್ಪಾ’ ಅಂತು.”

ನಾನು ಕಲಿತ ಕಾನ್ವೆಂಟಿನಲ್ಲಿ ಸಿಸ್ಟರುಗಳು ಆತ್ಮಗಳು ಓಡಾಡುವುದಿಲ್ಲವೆಂದು ಕಲಿಸಿದ್ದರು, ಪವಿತ್ರಾತ್ಮನೆಂಬ ಒಂದು ಅಪವಾದ ಬಿಟ್ಟು. ಆದರೂ ಎಷ್ಟೋ ವರ್ಷಗಳ ಮೇಲೆ ಈ ಕತೆ ಕೇಳಿಕೊಂಡು ಹೋದಾಗ, ಮಾಳಪ್ಪ ಇದನ್ನು ನನಗೆ ಹೇಳುವಾಗ ನಾನು ಬಾಗಿಲ ಕಡೆ ಸರಿದು ಕುಳಿತಿದ್ದೆ.

ಮರು ಅಮಾವಾಸ್ಯೆಯ ಬೆಳಿಗ್ಗೆ ಮಾಳಪ್ಪ ಬೀಗ ತೆಗೆದಾಗ ಕಲ್ಲು ಮಿಂಚುತ್ತಿತ್ತು. ತಲೆಯಿಂದ ಪಾದದವರೆಗೆ ಹಸಿ ಎಣ್ಣೆ, ನಾಲ್ಕು ಗೆರೆ, ನಡುವೆ ಒಂದು ಒಣ ಪಟ್ಟಿ. ಹಲಗೆ ಗೋಡೆಯ ಕಡೆ ತಿರುಗಿತ್ತು. ಆಮೇಲೆ ಒಂದು ಅಮಾವಾಸ್ಯೆಯೂ ತಪ್ಪಲಿಲ್ಲ. ನೋಡಲು ಬರುವವರು ಆ ಮೂಲೆಗೆ ಬಂದಾಗ ಮಾತು ನಿಲ್ಲಿಸಿ, ಯಾರಿಗೋ ದಾರಿ ಬಿಡುವಂತೆ ಬದಿಗೆ ಸರಿಯುತ್ತಿದ್ದರು. ಯಾಕೆಂದು ಕೇಳಿದರೆ ಅವರಿಗೂ ಗೊತ್ತಿರುತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ಪಾರವ್ವ ಒಂದು ದಿನ ಗಂಡನ ಕೈ ಮೂಸಿದಳು. ಎದೆಯ ಮೇಲಿನ ಲಿಂಗ ಬಿಟ್ಟು ಬೇರೆ ಕಲ್ಲಿಗೆ ತಲೆ ಬಾಗದ ಮನೆತನ ಅವರದು.

“ಔಡಲೆಣ್ಣಿ ವಾಸನಿ ಬರಾಕತ್ತೈತಲ್ರಿ?”

“ಬೀಗಕ್ಕ ಬಿಟ್ಟಿದ್ದೆ. ತುಕ್ಕ ಹಿಡದಿತ್ತು.”

“ತಿಂಗಳಾ ತಿಂಗಳಾ ಹಿಡೀತೈತೇನು ತುಕ್ಕ, ಅದೂ ಅಮಾಸಿ ನೋಡಕೋತ?”

ಮಾಸ್ತರರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು.

ಅರವತ್ತೆಂಟರಲ್ಲಿ ಮೇಲಿನ ಕಚೇರಿಯ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಅಂದು ಅಮಾವಾಸ್ಯೆಯ ಮರುದಿನ. ಬೆರಳಿನಿಂದ ಕಲ್ಲು ಸವರಿ, ಮೂಸಿ, ಕರವಸ್ತ್ರಕ್ಕೆ ಒರೆಸಿಕೊಂಡರು. ಮಾಳಪ್ಪ ಎಲ್ಲ ಒದರಿದ: ಮುದುಕಿ, ಸಾವು, ಬೆರಳು, ಕರೆದ ದನಿ. ಸಾಹೇಬರು ಒಳ್ಳೆಯವರು. ಮಾಸ್ತರರನ್ನು ಪಕ್ಕಕ್ಕೆ ಕರೆದರು.

“ನೋಡಿ, ಪೂಜೆ ಅಂತ ಬರೆದರೆ ನಾಳೆಯೇ ಇದಕ್ಕೆ ಬೀಗ. ಕಲ್ಲು ಕೆಡದಂತೆ ಎಣ್ಣೆ ಹಚ್ಚಿಸಿದ್ದೀರಿ ಅಂತ ಬರೆದುಕೊಳ್ಳುತ್ತೇನೆ. ಹೌದು ಅಂದರೆ ಸಾಕು.”

“ಹಂಗ ಬರಕೋರಿ, ನಡೀತೈತಿ,” ಎಂದರು ಮಾಸ್ತರರು.

ಸಾಹೇಬರು ಬರೆದುಕೊಂಡರು, ಪೆನ್ನಿನ ಟೊಪ್ಪಿಗೆ ಮುಚ್ಚಿದರು. ಹೊಸ್ತಿಲವರೆಗೆ ಹೋದವರು ಕಲ್ಲಿನ ಕಡೆ ತಿರುಗಿ, ದನಿ ತಗ್ಗಿಸಿದರು.

“ಕಾಗದದ ಮಾತು ಬಿಡಿ. ನೀವು ಓದಿದವರು, ನಿಜ ಹೇಳಿ. ಸತ್ತ ಮುದುಕಿ ಇಲ್ಲಿಗೆ ಬರ್ತಾಳಾ?”

ಮಾಸ್ತರರು ಹಲಗೆಯನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿ ನಿಲ್ಲಿಸಿದರು.

“ಬರ್ತಾಳ್ರಿ. ಆದ್ರ ಎಣ್ಣಿ ತರೂದಿಲ್ಲ. ಅದನ್ನ ನಾನ ತರಬೇಕಾಗೇತಿ.”