ಅಲಸಂದಿ ಕಬಾಬು, ಅಪ್ಪನ ಪಾಲು

ಮೊನ್ನೆ ಮೊಮ್ಮಗಳು ಕಾಳಿನಿಂದ ಮಾಡಿದ ಬರ್ಗರ್ ತಂದು, "ಅಜ್ಜಿ, ಖಂಡ ಇಲ್ಲ, ಆದ್ರೂ ಖಂಡದಂಗ ಐತಿ ನೋಡು" ಎಂದಳು. ತಿಂದೆ. ಉಪ್ಪು ಸಾಲದು, ಹೊಗೆಯ ವಾಸನೆಯಂತೂ ಇಲ್ಲವೇ ಇಲ್ಲ. ಇಂಥದ್ದನ್ನು ಎಂಬತ್ತರ ದಶಕದಲ್ಲೇ ಲಕ್ಷ್ಮೇಶ್ವರದ ನಮ್ಮ ಮನೆಯ ಒಲೆಯ ಮೇಲೆ ಮಾಡಿ, ನಮ್ಮಪ್ಪನಂಥ ಹಟಮಾರಿಗೆ ಉಣಿಸಿದವಳು ನಾನು. ನನಗೇ ಕಲಿಸಲು ಬಂದಿದ್ದಾಳೆ ಹುಡುಗಿ.

ಅಪ್ಪ ಪಿಂಜಾರ. ಅರಳೆ ಹಿಂಜಿ ಗಾದಿ ತುಂಬುವುದು ಅವನ ಕೆಲಸ. ಒಂದು ದಿನ ಹಿಂಜುತ್ತಿದ್ದವನು ಎದೆ ಹಿಡಿದುಕೊಂಡು ಅರಳೆಯ ಮೇಲೆಯೇ ಕುಸಿದ. ಗದಗಿನ ಡಾಕ್ಟರು ಹೃದಯದ ಬೇನೆ ಎಂದರು. ಇನ್ನು ಮೇಲೆ ಆಡು, ಕುರಿ ಯಾವ ಖಂಡವನ್ನೂ ಮುಟ್ಟಕೂಡದು ಎಂದರು. ಶುಕ್ರವಾರ ನಮಾಜು ಮುಗಿಸಿ, ತಾನೇ ಎದುರಿಗೆ ನಿಂತು ಖಂಡ ಕಡಿಸಿ ಕೈಚೀಲದಲ್ಲಿ ತರುತ್ತಿದ್ದ ಮನುಷ್ಯ ಅಪ್ಪ. ಮನೆಯ ಯಜಮಾನ ಎಂಬ ಅವನ ಗತ್ತೆಲ್ಲ ಆ ಕೈಚೀಲದಲ್ಲಿತ್ತು.

"ಬರೇ ಬ್ಯಾಳಿ, ಪಲ್ಲೆ ತಿಂದು ಬದುಕೂದು ಅದೇನು ಬದುಕು" ಎಂದು ತಟ್ಟೆ ಸರಿಸುತ್ತಿದ್ದ. ದಿನ ಕಳೆದಂತೆ ಕೆನ್ನೆಗಳು ಒಳಕ್ಕೆ ಹೋದವು. ಅವ್ವ ಹೆದರಿದಳು. "ಒಂದೆರಡು ತುಣುಕು ಕೊಟ್ರ ಏನಾಕ್ಕೈತಿ?" ಎಂದಳು.

ನನಗೆ ರೇಗಿತು. "ಏನಾಕ್ಕೈತಿ ಅಂತ ಡಾಕ್ಟರು ನಿನ್ನ ಮುಂದನ ಹೇಳ್ಯಾರಲ್ಲ" ಎಂದೆ.

ಶಾಮಿ ಕಬಾಬಿಗೆ ಹೇಗೂ ಅರ್ಧ ಕಡಲೆಬೇಳೆ ಬೀಳುತ್ತದೆ. ಉಳಿದರ್ಧಕ್ಕೆ ಖಂಡದ ಕೈಮಾ ಬದಲು ಅಲಸಂದಿ ಕಾಳು ಹಾಕಿದರಾಯಿತು ಎಂದುಕೊಂಡೆ. ಮೊದಲ ಸಲ ನುಣ್ಣಗೆ ರುಬ್ಬಿ ಕೆಟ್ಟೆ. ಹಂಚಿನ ಮೇಲೆ ಎಲ್ಲ ಒಡೆದು ಉಪ್ಪಿಟ್ಟಾಯಿತು. ಮರುದಿನ ತರಿತರಿಯಾಗಿ ರುಬ್ಬಿ, ಹುರಿಗಡಲೆಯ ಪುಟಾಣಿ ಹಿಟ್ಟು ಕಲಸಿ, ಹನಿ ಎಣ್ಣೆಯಲ್ಲಿ ಬೇಯಿಸಿದೆ. ಆಮೇಲೆ ಪಾತ್ರೆಯ ನಡುವೆ ಉಳ್ಳಾಗಡ್ಡಿ ಸಿಪ್ಪೆ ಇಟ್ಟು, ಅದರಲ್ಲಿ ಕೆಂಡ ಹಾಕಿ, ಮೇಲೆ ಒಂದು ಹನಿ ತುಪ್ಪ ಬಿಟ್ಟು ಗಪ್ಪನೆ ಮುಚ್ಚಿದೆ. ಮುಚ್ಚಳ ತೆಗೆದಾಗ ನನಗೇ ಬಾಯಲ್ಲಿ ನೀರೂರಿತು.

"ಕೈಮಾ ಅಂತ ಹೇಳಿಬಿಡೂಣು" ಎಂದು ಅವ್ವ ಪಿಸುಗುಟ್ಟಿದಳು. ನಾನು ಒಪ್ಪಲಿಲ್ಲ. ಸುಳ್ಳು ಹೇಳಿ ಉಣಿಸಲು ಅಪ್ಪನೇನು ಕೂಸೇ?

"ಅಪ್ಪಾ, ಇದು ಅಲಸಂದಿ. ರುಚಿ ಹತ್ತಲಿಲ್ಲಂದ್ರ ಬಿಡು" ಎಂದು ತಟ್ಟೆ ಇಟ್ಟೆ.

"ಕಾಳಿಗೆ ಖಂಡದ ಅಂಗಿ ತೊಡಿಸಿ ತಂದೀಯೇನು?" ಎಂದು ಒಂದು ಮುರಿದ. ಇನ್ನೊಂದು ತಗೊಂಡ. "ಖಾರ ಕಮ್ಮಿ ಆತು" ಎನ್ನುತ್ತಲೇ ತಟ್ಟೆ ಖಾಲಿ ಮಾಡಿದ. ಆ ವಾರದಿಂದ ಶುಕ್ರವಾರದ ಊಟ ನನ್ನ ಕೈಗೆ ಬಂತು. ಆದರೂ ಕೈಚೀಲ ಮಾತ್ರ ಗೂಟದ ಮೇಲೇ ಇತ್ತು, ಅಪ್ಪ ಆಗಾಗ ಅದನ್ನು ನೋಡುತ್ತಿದ್ದ.

ಬಕ್ರೀದ್ ಬಂತು. ಪ್ರತಿ ವರ್ಷ ನನ್ನ ಸೋದರಮಾವ ತನ್ನ ಮನೆಯ ಕುರ್ಬಾನಿ ಖಂಡದ ಒಂದು ಪಾಲನ್ನು ನಮಗೆ ತರುತ್ತಿದ್ದ. ಅದರಲ್ಲಿ ಒಂದಿಷ್ಟನ್ನು ಅಪ್ಪ ಓಣಿಯ ಬಡವರ ಮನೆಗಳಿಗೆ ತಾನೇ ಒಯ್ದು ಕೊಡುತ್ತಿದ್ದ. ಈ ಸಲ ಮಾವ ಬರಿಗೈಯಲ್ಲಿ ಬಂದ. ಹೊಸ್ತಿಲಲ್ಲೇ ಮೂಗಿಗೆ ಹೊಗೆ, ಮಸಾಲೆಯ ವಾಸನೆ ಬಡಿಯಿತು.

"ಅಕ್ಕಾ, ನಿನಗ ಬುದ್ಧಿ ಐತೇನು? ಭಾವನ ಆಸಿ ಕೆರಳಬಾರದಂತ ನಾ ಪಾಲು ಮನ್ಯಾಗ ಇಟ್ಟು ಬಂದೀನಿ. ನೀವು ನೋಡಿದ್ರ ಕಬಾಬ್ ಸುಡಾಕತ್ತೀರಿ" ಎಂದು ಅವ್ವನ ಮೇಲೆ ಹರಿಹಾಯ್ದ.

ಊಟಕ್ಕೆ ಕುಳಿತಿದ್ದ ಅಪ್ಪ ತಲೆ ಎತ್ತಿದ. "ಇದು ಅಲಸಂದಿ ಲೇ, ಮಗಳು ಮಾಡ್ಯಾಳ" ಎಂದ. ಆಮೇಲೆ ಅವನ ದನಿ ಸಣ್ಣದಾಯಿತು. "ಬಾಯಿಗೆ ಪಥ್ಯ ಹೇಳ್ಯಾರ, ಕೈಗೆ ಹೇಳಿಲ್ಲ. ನಾ ಇನ್ನೂ ಸತ್ತಿಲ್ಲ. ನನ್ನ ಮನಿ ಪಾಲು ಯಾಕ ತಪ್ಪಿಸಿದಿ?"

ಮಾವ ಮನೆಗೆ ಹೋಗಿ ಪಾಲು ತಂದ. ಅಪ್ಪ ಉಣ್ಣುವುದನ್ನು ಬಿಟ್ಟೆದ್ದು, ಗೂಟದ ಕೈಚೀಲ ಇಳಿಸಿ, ಅಷ್ಟನ್ನೂ ಅದರೊಳಗೆ ಹಾಕಿಕೊಂಡು ಓಣಿಯಲ್ಲಿ ಹಂಚಲು ಹೊರಟ. ಯಾರನ್ನೂ ಜೊತೆಗೆ ಕರೆಯಲಿಲ್ಲ. ನಾನು ಬಾಗಿಲಲ್ಲಿ ನಿಂತೆ. ಯಾರಾದರೂ ಹಬ್ಬದ ದಿನವೆಂದು ಒಳಗೆ ಕರೆದು ಬಡಿಸಿದರೆ ಬೇಡವೆಂದಾನೆಯೇ?

ಅವನು ಖಾಲಿ ಚೀಲ ಹಿಡಿದು ಬಂದ. ಅದನ್ನು ಗೂಟಕ್ಕೆ ಹಾಕಿ, ಕೈ ತೊಳೆದು, ಬಿಟ್ಟುಹೋದ ತಟ್ಟೆಯ ಮುಂದೆಯೇ ಕುಳಿತ.

"ಹಸಿವಾಗೈತಿ. ಇನ್ನೆರಡು ಹಾಕು" ಎಂದ.

ಹೊರಗೆಲ್ಲೂ ಉಣ್ಣದೆ ಬಂದವನಿಗೆ ಇನ್ನೆರಡು ಬಡಿಸಿದೆ. ಅಪ್ಪ ಬದುಕುತ್ತಾನೆ ಎಂದು ನನಗೆ ಖಾತ್ರಿಯಾದದ್ದು ಆಗ.