ಮದಿಹಾ ತೋರಿಸಿದ ಸಾಲು

ಮಗಳು ತೊಡೆಯ ಮೇಲೆ ಮಲಗಿದ್ದಾಳೆ, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಮದಿಹಾಳ ಬಗ್ಗೆ ಇವತ್ತೇ ಬರೆದಿಡಬೇಕು.

ಸವಣೂರಿನ ಹುಡುಗಿ ಅವಳು. ಅಪ್ಪನದು ಎಲೆ ವ್ಯಾಪಾರ. ವೀಳ್ಯದೆಲೆಯ ಕಟ್ಟು ಕಟ್ಟುತ್ತಲೇ ಡಿಪ್ಲೊಮಾ ಓದಿದಳು. ಶಿಗ್ಗಾವಿಯಲ್ಲಿ ನಾವು ದುಡಿಯುವ ಕಸೂತಿ ಮಷೀನಿನ ಘಟಕಕ್ಕೆ ಪ್ರೋಗ್ರಾಮ್ ಮಾಡಿಕೊಟ್ಟವಳು ಅವಳೇ. ನವಿಲು, ಗೋಪುರ, ಅಂಚು ಎಂದು ನಾವು ಟೈಪ್ ಮಾಡಿದ್ದನ್ನು ಅಕ್ಷರ ಅಕ್ಷರ ಓದಿ ಪದ ಬಿಡಿಸುವ ಭಾಗಕ್ಕೆ ಸ್ಕ್ಯಾನರ್ ಅಂತಾರೆ. ಅದನ್ನು ಅವಳು ಕೈಯಾರೆ ಬರೆದಿಲ್ಲ. ನಿಯಮ ಕೊಟ್ಟಳು, ಇನ್ನೊಂದು ಪ್ರೋಗ್ರಾಮ್ ಅದನ್ನು ತಯಾರಿಸಿತು.

ಪ್ರತಿ ಫೈಲಿನ ತಲೆಗೆ ಮ್ಯಾನೇಜರ್ ಶಂಭುಲಿಂಗ ಸಾಹೇಬರ ಟಿಪ್ಪಣಿ (ಅದು ನಾವು ಓದಲಿಕ್ಕೆ, ಮಷೀನು ಅದನ್ನು ಹೊಲಿಯದೆ ದಾಟಿಹೋಗಬೇಕು), ನಡುವೆ ನನ್ನ ನವಿಲು, ಕೊನೆಗೆ ಹಿರೇಬೆಂಡಿಗೇರಿಯ ಹೊನ್ನವ್ವಕ್ಕನ ಅಂಚು. ಈ ವಾರ ಮಷೀನು ಮತ್ತೆ ಮತ್ತೆ ನಿಂತಿತು. ಪರದೆಯ ಮೇಲೆ ಒಂದೇ ಮಾತು: ಕೊನೆಯ ಸಾಲಿನಲ್ಲಿ ತಪ್ಪು.

“ಹೊನ್ನವ್ವಾ, ನಿನಗ ಕಂಪ್ಯೂಟರ್ ಆಗಿಬರೂದಿಲ್ಲ. ಈಗಿಂದ ದಾರ ಕತ್ತರಿಸಾಕ ಕುಂಡ್ರು,” ಅಂದರು ಸಾಹೇಬರು.

“ನನ್ನ ಸಾಲು ಬರೋಬರಿ ಐತ್ರಿ, ಒಮ್ಮೆ ನೋಡ್ರಿ.”

“ಮಷೀನ್ ಸುಳ್ಳ ಹೇಳ್ತದೇನು?”

ಎಷ್ಟು ಕಷ್ಟಪಟ್ಟು ಕಲಿತು ಹಿಡಿದ ಕುರ್ಚಿ! ಅಕ್ಕ ಸೆರಗಿನಿಂದ ಕೀಬೋರ್ಡ್ ಒರೆಸಿ ಎದ್ದು, ಕತ್ತರಿ ಹಿಡಿದಳು. ನಾನು ಮದಿಹಾಗೆ ಫೋನ್ ಹಚ್ಚಿದೆ.

ಬಂದವಳೇ ಫೈಲು ನೋಡಿ ಹಣೆ ಬಡಿದುಕೊಂಡಳು. ಸಾಹೇಬರು ಟಿಪ್ಪಣಿಗೆ ಆರಂಭದ ಗುರುತು ಹಾಕಿ, ಮುಗಿಸುವ ಗುರುತು ಮರೆತಿದ್ದರು. ಸ್ಕ್ಯಾನರ್ ಇಡೀ ಫೈಲನ್ನೇ ಟಿಪ್ಪಣಿ ಅಂದುಕೊಂಡು ಓದುತ್ತ ಹೋಗಿ, ಕೊನೆ ಮುಟ್ಟಿ, ಅಲ್ಲಿ ಕೂಗಿಕೊಂಡಿತ್ತು.

“ಕೈಕಸೂತಿಯಾಗ ಮೊದಲಿಗ ಎಳಿ ಎಣಿಸೂದು ತಪ್ಪಿದ್ರ ಗೋಪುರ ಕಡೀಕ ಕೂಡೂದಿಲ್ಲ. ಹಂಗಂತ ಕಡೀ ಹೊಲಿಗಿ ಬಿಚ್ತೀರೇನ್ರಿ?” ಅಂದಳು ಮದಿಹಾ. ಟಿಪ್ಪಣಿ ತೆರೆದ ಸಾಲನ್ನು ನೆನಪಿಟ್ಟುಕೊಳ್ಳುವಂತೆ ನಿಯಮ ತಿದ್ದಿ, ಸ್ಕ್ಯಾನರನ್ನು ಹೊಸದಾಗಿ ತಯಾರಿಸಿ, ಅದೇ ಫೈಲನ್ನು ಓಡಿಸಿದಳು. ಪರದೆಯ ಮೇಲೆ ಬಂತು: ಎರಡನೆಯ ಸಾಲಿನಲ್ಲಿ ತೆರೆದ ಟಿಪ್ಪಣಿ ಮುಚ್ಚಿಲ್ಲ.

ಸಾಹೇಬರ ಮುಖ ನೋಡಬೇಕಿತ್ತು. “ಇಷ್ಟೆಲ್ಲಾ ಯಾಕ ಬೇಕು ಮದಿಹಾ? ‘ತಪ್ಪೈತಿ’ ಅಂತ ಬಂದ್ರ ಸಾಕು. ಸಾಲಿನ ನಂಬರ್ ತಗದಬಿಡು.”

ಹೊನ್ನವ್ವಕ್ಕನ ಸಾಲಿನ ನಂಬರ್ ಬಂದಾಗ ಬೇಕಾಗಿತ್ತು, ತಮ್ಮದು ಬಂದಾಗ ಬ್ಯಾಡಂತ!

“ತಗ್ಯಾಂಗಿಲ್ರಿ,” ಮದಿಹಾ ಚೀಲ ಹೆಗಲಿಗೇರಿಸಿದಳು. “ಬೇಕಿದ್ರ ಟಿಪ್ಪಣಿ ಮುಚ್ಚೂದು ಕಲಸ್ತೇನಿ, ಬರ್ರಿ.”

ಸಾಹೇಬರು ಹೊರಗೆ ನಡೆದರು. ಹೊನ್ನವ್ವಕ್ಕ ಕತ್ತರಿಯನ್ನು ಅವರ ಮೇಜಿನ ಮೇಲಿಟ್ಟು ಬಂದು ತನ್ನ ಕುರ್ಚಿಯಲ್ಲಿ ಕುಂತಳು.

“ಮುಂದಿನ ಅಂಚು ಯಾವುದವಾ?” ಅಂತ ನನ್ನನ್ನು ಕೇಳಿದಳು.