ಶಿವಗಂಗಾ ಒಬ್ಬಳೇ ಕುಳಿತ ಪರೀಕ್ಷೆ

ಹಳಿಯಾಳದ ನಮ್ಮ ಓಣಿಯಲ್ಲಿ ಅತಿ ಹೆಚ್ಚು ಸವೆದಿರುವ ವಸ್ತು ಯಾವುದು ಎಂದು ಕೇಳಿದರೆ ನಾನು ರಸ್ತೆ ಎನ್ನುವುದಿಲ್ಲ, ಶಿವಗಂಗಾಳ ಹೆಸರು ಎನ್ನುತ್ತೇನೆ. ಅವಳ ಗಂಡ ಈಶಪ್ಪನದು ಕಿರಾಣಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಗಿರಾಕಿ ಜೀರಿಗೆ ಕೇಳಿದರೆ ಈಶಪ್ಪ ಕಪಾಟಿನ ಕಡೆ ತಿರುಗುವುದಿಲ್ಲ, ಪರದೆಯ ಕಡೆ ತಿರುಗುತ್ತಾನೆ.

"ಗಂಗಾ, ಜೀರಗಿ ಎಲ್ಲಿಟ್ಟಿ?"

"ಓ! ಎರಡನೇ ಫಳಿ ಮ್ಯಾಲ ನೋಡ್ರಿ, ಬಡೇಸೋಪಿನ ಬಾಜೂಕ."

ಒಲೆಯ ಮುಂದೆ ಇರಲಿ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿರಲಿ, ಆ "ಓ" ತಪ್ಪಿದ್ದಿಲ್ಲ. ಇಪ್ಪತ್ತು ವರ್ಷ ಅಂಗಡಿ ನಡೆಸಿದ ಈಶಪ್ಪನಿಗೆ ತನ್ನ ಅಂಗಡಿಯಲ್ಲಿ ಸಾಬೂನು ಎಲ್ಲಿದೆ ಎಂಬುದು ಇವತ್ತಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಅಗತ್ಯವೂ ಬಿದ್ದಿರಲಿಲ್ಲ.

ನಾನು ಅವರ ಪಕ್ಕದ ಮನೆಯವಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಓಣಿಯವರಿಗೆಲ್ಲ 'ಅಕ್ಕೋರು'. ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯ ಬಾಗಿಲು ಹಾಕಿಕೊಂಡು ಕೂರುವುದೆಂದರೆ ಇಷ್ಟ. ಈ ಎರಡು ಕಾರಣಕ್ಕಾಗಿ ಓಣಿಯವರು ನನ್ನನ್ನು ಸ್ವಲ್ಪ ಕನಿಕರದಿಂದ ನೋಡುತ್ತಾರೆ.

ಶಿವಗಂಗಾಳಿಗೆ ಮಾತ್ರ ಒಬ್ಬಳೇ ಇರುವುದು ಎಂದರೇನು ಎಂಬುದೇ ತಿಳಿದಿರಲಿಲ್ಲ. ಮುಂಡಗೋಡ ಕಡೆಯ ಹಳ್ಳಿಯಲ್ಲಿ ಏಳು ಜನ ಅಕ್ಕತಂಗಿಯರ ನಡುವೆ ಹುಟ್ಟಿದವಳು, ಎಲ್ಲರೂ ಮಲಗುತ್ತಿದ್ದದ್ದು ಸಾಲಾಗಿ. ಅವಳಪ್ಪ ಟಿಬೆಟನ್ ಕಾಲೊನಿಯ ಗೋವಿನಜೋಳ ಕೊಂಡು ಮಾರುವ ವ್ಯಾಪಾರಿ. ಅಲ್ಲಿ ಒಬ್ಬ ಲಾಮಾ ತಿಂಗಳುಗಟ್ಟಲೆ ಕೋಣೆಯಲ್ಲಿ ಒಬ್ಬನೇ ಮೌನವಾಗಿ ಕುಳಿತಿದ್ದಾನೆ ಎಂದು ಅವನು ಒಂದು ಸಂಜೆ ಮನೆಯಲ್ಲಿ ಹೇಳಿದಾಗ, ಅವಳವ್ವ "ಪಾಪ, ಅವಂಗ ಹಿಂದ ಮುಂದ ಯಾರೂ ಇಲ್ಲೇನ" ಎಂದು ಮರುದಿನ ಅವನಿಗಾಗಿ ರೊಟ್ಟಿ ಕಟ್ಟಿಕೊಟ್ಟಿದ್ದಳಂತೆ. ಅಂಥ ಮನೆಯಿಂದ ಬಂದು ಹೊಳೆವ್ವನ ಸೊಸೆಯಾದಳು. ಹೊಳೆವ್ವ ಸೊಸೆ ಸ್ನಾನಕ್ಕೆ ಹೋದರೂ ಬಚ್ಚಲ ಬಾಗಿಲಿಗೆ ಒರಗಿ ಕುಳಿತು ಮಾತು ಮುಂದುವರಿಸುವ ಅತ್ತೆ. ಚೊಚ್ಚಲ ಹೆರಿಗೆಯಲ್ಲಿ ಜೊತೆಗೆ ಒಬ್ಬರು ಇದ್ದರೆ ಸಾಕು ಎಂದು ಆಸ್ಪತ್ರೆಯವರು ಹೇಳಿದ್ದಕ್ಕೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿಯೇ ಒಳಗೆ ಹೋದರು. ಹೋದವರು ಯಾರೂ ಹೊರಗೆ ಬರಲಿಲ್ಲ, ಅಷ್ಟೇ.

ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ನಮ್ಮ ಕಡೆ ಒಬ್ಬರನ್ನೇ ಬಿಟ್ಟು ಹೋಗುವುದೆಂದರೆ ಉಪವಾಸ ಬಿಟ್ಟು ಹೋದಂತೆ.

ಇಂಥವಳಿಗೆ ನಾನು ಪರೀಕ್ಷೆ ಕಟ್ಟಿಸಿದೆ. ಊರಿನಲ್ಲಿ ಹೊಸದೊಂದು ಶಿಶುವಿಹಾರ ಶುರುವಾಗುವುದಿತ್ತು. ಚಿಕ್ಕ ಮಕ್ಕಳ ಶಿಕ್ಷಣದ ಡಿಪ್ಲೊಮಾ ಒಂದು ಕೈಯಲ್ಲಿದ್ದರೆ ಜೂನ್‌ನಿಂದ ಒಂದು ತರಗತಿ ನಿನಗೇ ಎಂದು ಅಲ್ಲಿಯ ಮುಖ್ಯಸ್ಥೆ ಶಿವಗಂಗಾಳಿಗೆ ಹೇಳಿದ್ದರು. ಬಿ.ಎ. ಮುಗಿಸಿ ಬೆಲ್ಲ ತೂಗುತ್ತ ಕುಳಿತವಳಿಗೆ ಅದೊಂದು ದೊಡ್ಡ ಆಸೆಯಾಯಿತು. ದೂರದ ಒಂದು ಸಂಸ್ಥೆಯ ಆನ್‌ಲೈನ್ ಕೋರ್ಸಿಗೆ ಸೇರಿಸಿದೆ. ವರ್ಷವಿಡೀ ಮೊಬೈಲಿನಲ್ಲಿ ಪಾಠ ಕೇಳುತ್ತ, ನಡುನಡುವೆ "ಓ" ಎನ್ನುತ್ತ, ಒಗ್ಗರಣೆ ಹಾಕುತ್ತ ಎಲ್ಲವನ್ನೂ ಓದಿ ಮುಗಿಸಿದಳು. ಬುದ್ಧಿ ಚುರುಕು. ಪಾಠದ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ.

ಆಮೇಲೆ ಪರೀಕ್ಷೆಯ ನಿಯಮಗಳು ಬಂದವು. ಅಂಗಡಿಯ ಮುಂದೆ ನಿಂತು ನಾನೇ ಎಲ್ಲರಿಗೂ ಓದಿ ಹೇಳಿದೆ. ಲ್ಯಾಪ್‌ಟಾಪಿನ ಕ್ಯಾಮೆರಾ ಎರಡು ತಾಸು ನೋಡುತ್ತಲೇ ಇರುತ್ತದೆ. ಕೋಣೆಯಲ್ಲಿ ಅಭ್ಯರ್ಥಿ ಬಿಟ್ಟು ಇನ್ನೊಂದು ಮುಖ ಕಾಣಬಾರದು, ಇನ್ನೊಂದು ದನಿ ಕೇಳಬಾರದು. ಅಭ್ಯರ್ಥಿ ಮಾತಾಡಬಾರದು, ಮುಖ ಮುಚ್ಚಿಕೊಳ್ಳಬಾರದು, ಎದ್ದು ಹೋಗಬಾರದು. ತಪ್ಪಿದರೆ ಟಣ್ ಎಂದು ಎಚ್ಚರಿಕೆ. ಮೂರನೆಯ ಎಚ್ಚರಿಕೆಗೆ ಪರೀಕ್ಷೆ ತಾನಾಗಿಯೇ ಮುಚ್ಚಿಹೋಗುತ್ತದೆ. ಮುಂದಿನ ಅವಕಾಶ ಮುಂದಿನ ವರ್ಷ. ಅಷ್ಟರಲ್ಲಿ ಆ ತರಗತಿ ಬೇರೆಯವರ ಪಾಲು.

ಹೊಳೆವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಎರಡು ತಾಸ ಒಬ್ಬಾಕಿನ? ಬಾಗಲಾ ಹಾಕ್ಕೊಂಡು? ಅಂಥಾದ್ದೇನ ತಪ್ಪ ಮಾಡ್ಯಾಳ್ರಿ ಅಕ್ಕೋರ ನನ್ನ ಸೊಸಿ?"

"ಶಿಕ್ಷಾ ಅಲ್ಲ ಆಯಿ, ಪರೀಕ್ಷೆ."

"ನಾ ಒಳಗ ಇರ್ತೇನಿ ಬಿಡ್ರಿ. ಅಕ್ಕಿ ಚೀಲದ ಹಿಂದ ಕುಂದರ್ತೇನಿ, ಕ್ಯಾಮರಾಕ್ಕ ಕಾಣೂದಿಲ್ಲ."

"ಅದು ನಕಲ್ ಅಕ್ಕೇತಿ."

"ನನಗ ಓದಾಕ ಬರೂದಿಲ್ಲ, ಬರಿಯಾಕ ಬರೂದಿಲ್ಲ. ನನ್ನ ಕಡಿಂದ ಆಕಿ ಏನ್ ನಕಲ್ ಹೊಡೀತಾಳ್ರಿ?"

ನಿಯಮಗಳನ್ನು ಇನ್ನೊಮ್ಮೆ ಓದಿ ನೋಡಿದೆ. ಇಂಥ ಪ್ರಶ್ನೆಗೆ ಸಂಸ್ಥೆಯವರ ಬಳಿಯೂ ಉತ್ತರ ಇರಲಿಕ್ಕಿಲ್ಲ.

ಅಂಗಡಿಯ ಸಾಮಾನು ತುಂಬುವ ಗೋದಾಮೇ ಇಡೀ ಮನೆಯಲ್ಲಿ ಬಾಗಿಲಿಗೆ ಚಿಲಕವಿರುವ ಒಂದೇ ಕೋಣೆ. ಅಲ್ಲಿ ನನ್ನ ಲ್ಯಾಪ್‌ಟಾಪ್ ಇಟ್ಟು ಅಭ್ಯಾಸ ಪರೀಕ್ಷೆಗೆ ಕೂರಿಸಿದೆವು. ಬಾಗಿಲು ಹಾಕಿ ನಾನು ಹೊರಗೆ ನಿಂತೆ. ಕೂಡಲೇ ಟಣ್ ಎಂದಿತು. ಅವಳ ಹಿಂದಿದ್ದ ಕೇಶತೈಲದ ಡಬ್ಬದ ಮೇಲೆ ಕೂದಲು ಹರಡಿಕೊಂಡು ನಗುತ್ತಿದ್ದ ಸುಂದರಿಯನ್ನು ಯಂತ್ರವು ಎರಡನೆಯ ವ್ಯಕ್ತಿ ಎಂದು ಎಣಿಸಿತ್ತು. ಶಿವಗಂಗಾ ಗಾಬರಿಯಿಂದ "ಕೋಣ್ಯಾಗ ಇನ್ನೊಬ್ರು ಅದಾರಂತ!" ಎಂದು ಸ್ಕ್ರೀನಿನ ಮೇಲಿದ್ದದ್ದನ್ನು ಕೂಗಿ ಓದಿದಳು. ಮಾತಾಡಿದ್ದಕ್ಕೆ ಎರಡನೆಯ ಟಣ್. ಕಳ್ಳ ಹೊಕ್ಕಿದ್ದಾನೆಂದು ಹೊಳೆವ್ವ ನನ್ನನ್ನು ಪಕ್ಕಕ್ಕೆ ತಳ್ಳಿ, ಬಾಗಿಲು ನೂಕಿ, ಪೊರಕೆ ಎತ್ತಿಕೊಂಡು ಒಳಗೆ ನುಗ್ಗಿದಳು. ಮೂರನೆಯದು. ಒಲೆಯ ಮೇಲಿಟ್ಟ ಚಹಾ ಇನ್ನೂ ಕುದಿ ಬಂದಿರಲಿಲ್ಲ, ಪರೀಕ್ಷೆ ಮುಗಿದಿತ್ತು.

ಡಬ್ಬಗಳನ್ನೆಲ್ಲ ಗೋಡೆಗೆ ಮುಖ ಮಾಡಿ ಇಟ್ಟೆವು. ಬಿಸ್ಕೀಟಿನ ಕೂಸು, ಉದುಬತ್ತಿಯ ಮುತ್ತೈದೆ, ಸಾಬೂನಿನ ಗೌರಾಂಗಿ ಎಲ್ಲರೂ ಬೆನ್ನು ತೋರಿಸಿ ನಿಂತರು. ಎರಡನೆಯ ಅಭ್ಯಾಸದಲ್ಲಿ ಅರ್ಧ ತಾಸು ಚೆನ್ನಾಗಿಯೇ ಸಾಗಿತು. ಅಷ್ಟರಲ್ಲಿ ಅಂಗಡಿಯಿಂದ ಈಶಪ್ಪ "ಗಂಗಾ, ಹಿಂಗು?" ಎಂದ. ಒಳಗಿನಿಂದ ಸ್ಪಷ್ಟವಾಗಿ ಉತ್ತರ ಬಂತು: "ಓ! ಗಲ್ಲೇದ ಹಿಂದ, ಕೆಂಪ ಡಬ್ಬ್ಯಾಗ."

ನಾನು ಬಾಯಿಗೆ ಬಂದಂತೆ ಬೈದೆ. ಅವಳು ಕಣ್ಣು ತುಂಬಿಕೊಂಡಳು.

"ಕರದ್ರ ಓ ಅನ್ನದ ಹೆಂಗ ಇರೂದ್ರಿ ಅಕ್ಕೋರ? ಅಷ್ಟ ಸೊಕ್ಕ ಹೆಂಗ ಮಾಡ್ಲಿ?"

ಹೀಗಾಗಿ ಕೊನೆಯ ವಾರ ನಾನು ಕಲಿಸಿದ್ದು ಶಿಶುಶಿಕ್ಷಣವಲ್ಲ, ಸೊಕ್ಕು. ಶಾಲೆಯಿಂದ ಬಂದವಳೇ ಗೋದಾಮಿನ ಹೊರಗೆ ನಿಂತು "ಶಿವಗಂಗಾ!" ಎಂದು ಕರೆಯುವುದು, ಅವಳು ಸುಮ್ಮನಿರುವುದು, ಇದೇ ಪಾಠ. ಮೊದಲ ದಿನ ತುಟಿ ಕಚ್ಚಿಕೊಂಡರೂ ಗಂಟಲಿನಿಂದ "ಊಂ" ಹೊರಟಿತು. ಬರಬರುತ್ತ ನಿಂತಿತು. ಆದರೆ ಪ್ರತಿ ಸಂಜೆ ನನ್ನ ಮನೆಗೆ ಬಂದು, "ಇವತ್ತ ಭಾಳ ಸಲ ಕರದ್ರಿ, ಓ ಅನಲಿಲ್ಲ, ತಪ್ಪ ತಿಳ್ಕೋಬ್ಯಾಡ್ರಿ" ಎಂದು ಕ್ಷಮೆ ಕೇಳಿ ಹೋಗುತ್ತಿದ್ದಳು.

ಪರೀಕ್ಷೆಯ ದಿನ ಓಣಿಗೆ ಓಣಿಯೇ ತಯಾರಾಗಿತ್ತು. ಶಿವಗಂಗಾಳ ಮಕ್ಕಳಿಬ್ಬರನ್ನು ಗಣೇಶಗುಡಿಯಲ್ಲಿ ಹೋಂಸ್ಟೇ ನಡೆಸುವ ಚಿಕ್ಕಮ್ಮನ ಮನೆಗೆ ಸಾಗಿಸಿದ್ದರು. ಎದುರು ಮನೆಯ ಸಿರಾಜುನ್ನಿಸಾ ಮದುವೆ ಬ್ಲೌಸುಗಳ ರಾಶಿಯನ್ನು ಪಕ್ಕಕ್ಕೆ ಸರಿಸಿ ಹೊಲಿಗೆ ಯಂತ್ರ ಬಂದ್ ಮಾಡಿ ಬಂದಳು. ಹೊಳೆವ್ವ ಗೋದಾಮಿನ ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡು ಕಾವಲು ಕುಳಿತಳು. ಒಳಗೆ ಬಿಡುವುದಿಲ್ಲ ಎಂದಾದರೆ ಹೊರಗಾದರೂ ಜೊತೆಗಿರುತ್ತೇನೆ ಎಂಬುದು ಅವಳ ಹಟ. ಬೇಡ ಎನ್ನಲು ನನಗೂ ಮನಸ್ಸಾಗಲಿಲ್ಲ.

ಹನ್ನೊಂದಕ್ಕೆ ಪರೀಕ್ಷೆ ಶುರುವಾಯಿತು. ಅಂಗಡಿಯಲ್ಲಿ ವ್ಯಾಪಾರವೆಲ್ಲ ಕೈಸನ್ನೆಯಲ್ಲಿ. ಜೀರಿಗೆ ಬೇಕೆಂದವಳಿಗೆ ಈಶಪ್ಪ ಬಡೇಸೋಪು ಕಟ್ಟಿಕೊಟ್ಟ, ಅವಳು ತಲೆ ಅಲ್ಲಾಡಿಸಿದಾಗ ಅಜವಾನ ಕೊಟ್ಟ, ಮತ್ತೆ ಅಲ್ಲಾಡಿಸಿದಾಗ ಕೈ ಮುಗಿದ. ಅವಳು ತಾನೇ ಒಳಗೆ ಬಂದು ಎರಡನೆಯ ಫಳಿಯಿಂದ ತೆಗೆದುಕೊಂಡಳು. ಜೀರಿಗೆ ಎಲ್ಲಿದೆ ಎಂಬುದು ಓಣಿಗೆಲ್ಲ ಬಾಯಿಪಾಠವಾಗಿತ್ತು, ಅವನೊಬ್ಬನನ್ನು ಬಿಟ್ಟು.

ಎಲ್ಲ ಸರಿಯಾಗಿದೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಕಾವಲುಗಾರ್ತಿಗೆ ನಿದ್ದೆ ಹತ್ತಿತು. ಸಣ್ಣ ಗೊರಕೆ ಶುರುವಾಯಿತು. ನಾನು ಓಡಿಹೋಗಿ ಭುಜ ಮುಟ್ಟುವ ಮೊದಲೇ ನಿದ್ದೆಗಣ್ಣಲ್ಲಿ "ಗಂಗಾ! ನೀರ ತಾ!" ಎಂದು ಕೂಗಿಬಿಟ್ಟಳು.

ಒಳಗಿನಿಂದ "ಓ" ಬರಲಿಲ್ಲ. ಟಣ್ ಮಾತ್ರ ಬಂತು. ಹಿಂದೆಯೇ ಇನ್ನೊಂದು ಟಣ್. ಮೊದಲನೆಯದು ಅತ್ತೆಯ ದನಿಗೆ. ಎರಡನೆಯದು, ಬಾಯಿಂದ "ಓ" ಜಾರದಿರಲೆಂದು ಸೊಸೆ ಸೆರಗಿನಿಂದ ಮುಖ ಮುಚ್ಚಿಕೊಂಡದ್ದಕ್ಕೆ. ಅದನ್ನು ಅವಳು ಆಮೇಲೆ ಹೇಳಿದಳು.

ಉಳಿದದ್ದು ಒಂದೇ ಎಚ್ಚರಿಕೆ, ಮತ್ತು ಒಂದು ತಾಸಿಗಿಂತ ಹೆಚ್ಚಿನ ಪರೀಕ್ಷೆ. ಈಶಪ್ಪನ ಮುಖ ಹಿಟ್ಟಿನಂತಾಗಿತ್ತು. ಎಬ್ಬಿಸಿದರೆ ಹೊಳೆವ್ವ ಮೊದಲು ಮಾತಾಡುತ್ತಾಳೆ, ಆಮೇಲೆ ಕಣ್ಣು ಬಿಡುತ್ತಾಳೆ. ಅದು ನಮಗೆಲ್ಲ ಗೊತ್ತಿದ್ದದ್ದೇ. ಹಾಗಾಗಿ ಈಶಪ್ಪ ತಲೆಯ ಕಡೆ, ನಾನು ಮತ್ತು ಸಿರಾಜುನ್ನಿಸಾ ಕಾಲ ಕಡೆ ಚಾಪೆಯ ಮೂಲೆ ಹಿಡಿದು, ಮಲಗಿದ್ದವಳನ್ನು ಮಲಗಿದ್ದಂತೆಯೇ ಎತ್ತಿ, ಅಂಗಡಿ ದಾಟಿಸಿ, ರಸ್ತೆ ದಾಟಿಸಿ ಸಿರಾಜುನ್ನಿಸಾಳ ಪಡಸಾಲೆಯಲ್ಲಿ ಇಳಿಸಿದೆವು. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ಟೋಪಿ ತೆಗೆದು ನಿಂತುಬಿಟ್ಟ. ಅಲ್ಲಿ ಇಳಿಸಿದ ಮೇಲೆ ಹೊಳೆವ್ವ ಕಣ್ಣು ಬಿಟ್ಟಳು. ಸುತ್ತಲೂ ಬಗ್ಗಿ ನೋಡುತ್ತಿದ್ದ ನಮ್ಮ ಮುಖಗಳನ್ನು ನೋಡಿ ಕೇಳಿದಳು.

"ಯಾರ ಸತ್ತಾರ?"

ದಾಂಡೇಲಿಯಿಂದ ಚಹಾಪುಡಿ, ಸಾಬೂನು ತಂದು ಹಾಕುವ ದಾವಲಸಾಬ ಬಂದದ್ದು ಅದೇ ಹೊತ್ತಿಗೆ. ಅವನು ಓಣಿಯ ತಿರುವಿನಿಂದಲೇ ಹಾರ್ನ್ ಹೊಡೆಯುತ್ತ ಬರುವವನು. ಸಿರಾಜುನ್ನಿಸಾ ಎರಡೂ ಕೈ ಚಾಚಿ ಟೆಂಪೊದ ಮುಂದೆ ನಿಂತಳು.

"ಭಾಯಿ, ಬಂದ್ ಮಾಡ್ರಿ! ಶಿವಗಂಗಾ ಭಾಭಿ ಒಳಗ ಒಬ್ಬಾಕಿನ ಅದಾಳ!"

ಪರೀಕ್ಷೆಯ ಸುದ್ದಿ ಗೊತ್ತಿಲ್ಲದ ದಾವಲಸಾಬನಿಗೆ ಅದರಲ್ಲಿ ಏನು ಅರ್ಥವಾಯಿತೋ. "ಯಾ ಅಲ್ಲಾ, ಒಬ್ಬಾಕಿನ? ಯಾಕ, ಏನಾತ?" ಎಂದು ಮರುಗುತ್ತ ಇಂಜಿನ್ ಆರಿಸಿ, ಇಳಿದು, ಟೆಂಪೊವನ್ನು ದೂಡಿಕೊಂಡೇ ಬಂದ. ಚಪ್ಪಲಿ ಬಿಟ್ಟು ಡಬ್ಬ ಇಳಿಸಿದ.

ಹನ್ನೆರಡೂವರೆ ಆಯಿತು. ನನಗೆ ತಡೆಯಲಾಗಲಿಲ್ಲ. ಗೋದಾಮಿನ ಬಾಗಿಲಲ್ಲಿ ಒಂದು ಬಿರುಕಿದೆ, ಲ್ಯಾಪ್‌ಟಾಪಿನ ಬೆನ್ನು ಆ ಕಡೆಗಿತ್ತು, ಕ್ಯಾಮೆರಾಕ್ಕೆ ನಾನು ಕಾಣುವ ಭಯವಿರಲಿಲ್ಲ. ಉಸಿರು ಬಿಗಿಹಿಡಿದು ಬಗ್ಗಿ ನೋಡಿದೆ.

ಶಿವಗಂಗಾ ಏನನ್ನೂ ಮಾಡುತ್ತಿರಲಿಲ್ಲ. ಅಕ್ಕಿ ಚೀಲಕ್ಕೆ ಬೆನ್ನು ಕೊಟ್ಟು, ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದಳು. ಮುಖ ಸ್ಕ್ರೀನಿನ ಕಡೆಗೇ ಇತ್ತು, ನಿಯಮ ಮುರಿಯುವ ಹೆಂಗಸಲ್ಲ ಅವಳು. ಆದರೆ ಕಣ್ಣು ಓದುತ್ತಿರಲಿಲ್ಲ. ಕಾಲ್ಬೆರಳುಗಳನ್ನು ಮಾತ್ರ ಮೆಲ್ಲಗೆ ಆಡಿಸುತ್ತಿದ್ದಳು. ಬರೆಯುವುದು ಮುಗಿದುಹೋಗಿದೆ, ಉತ್ತರ ಒಪ್ಪಿಸಿ ಆಗಲೇ ಏಳಬಹುದಾಗಿದ್ದರೂ ಅವಳು ಹೊರಗೆ ಬರುತ್ತಿಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇಷ್ಟು ವರ್ಷ ಪಕ್ಕದಲ್ಲೇ ಇದ್ದು, ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಅವಳ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಚೆಂದದ ಮುಖ! ನನಗೆ ಅಳು ಬಂತು, ಓಣಿಯ ಮೇಲೆಲ್ಲ ಸಿಟ್ಟೂ ಬಂತು.

"ಮುಗೀತೇನ್ರಿ ಅಕ್ಕೋರ?" ಎಂದು ಈಶಪ್ಪ ಪಿಸುಗುಟ್ಟಿದ.

"ಇಲ್ಲ, ಇನ್ನೂ ಭಾಳ ಬರಿಯೂದೈತಿ" ಎಂದೆ. ಎಲ್ಲರನ್ನೂ ಇನ್ನಷ್ಟು ದೂರ ಅಟ್ಟಿದೆ.

ಒಂದು ಗಂಟೆಗೆ ಸಮಯ ಮುಗಿದು ಪರೀಕ್ಷೆ ತಾನಾಗಿ ಮುಚ್ಚಿದ ಮೇಲೆಯೇ ಚಿಲಕ ತೆಗೆದದ್ದು. ಹೊಳೆವ್ವ ಓಡಿಬಂದು ಅವಳ ಕೆನ್ನೆ, ಕೈ ಎಲ್ಲ ಮುಟ್ಟಿ ನೋಡಿದಳು, ಜ್ವರ ಬಿಟ್ಟವಳನ್ನು ನೋಡುವಂತೆ.

"ಹೆಂಗಿತ್ತವಾ?"

"ಲಗೂನ ಮುಗದಹೋತ್ರಿ ಅತ್ತಿ" ಎಂದಳು ಶಿವಗಂಗಾ. ಪ್ರಶ್ನೆಗಳು ಸುಲಭವಿದ್ದವು ಎಂದು ಎಲ್ಲರೂ ಸಂತೋಷಪಟ್ಟರು.

ಪಾಸಾದಳು, ಒಳ್ಳೆಯ ಅಂಕಗಳೇ ಬಂದವು. ಜೂನ್‌ನಲ್ಲಿ ಶಿಶುವಿಹಾರಕ್ಕೆ ಸೇರಿದಳು. ಅಲ್ಲಿ ಈಗ ಒಂದು ಕೋಣೆ ತುಂಬ ಕೂಸುಗಳು ಒಟ್ಟಿಗೇ "ಟೀಚರ್" ಎನ್ನುತ್ತವೆ, ಇವಳು ಒಂದೊಂದಕ್ಕೂ "ಓ" ಎನ್ನುತ್ತಾಳೆ. ಮನೆಗೆ ಬಂದರೆ ಈಶಪ್ಪ ಪರದೆಯ ಕಡೆ ತಿರುಗಿಕೊಂಡು ಕಾಯುತ್ತಿರುತ್ತಾನೆ.

ಮೊನ್ನೆ ಸಂಜೆ ಅತ್ತೆಯ ಜೊತೆ ನನ್ನ ಮನೆಗೆ ಬಂದಳು.

"ಅಕ್ಕೋರ, ಇನ್ನೊಂದ ಕೋರ್ಸಿಗೆ ಹೆಸರ ಹಚ್ಚಬೇಕಾಗಿತ್ರಿ."

"ಯಾವುದಕ್ಕ?"

"ಯಾವುದರ ಆಗ್ಲಿ. ಪರೀಕ್ಷಾ ಮೂರ ತಾಸಿಂದ ಇರಬೇಕ ನೋಡ್ರಿ."

ಹೊಳೆವ್ವನ ಜೀವ ಚುರುಕ್ಕೆಂದಿತು. "ಅಯ್ಯ ನನ್ನವ್ವಾ, ಮತ್ತ ಒಬ್ಬಾಕಿನ ಕುಂದರಬೇಕ? ಅದೂ ಮೂರ ತಾಸ?"

ಶಿವಗಂಗಾ ಸೆರಗು ಸರಿಮಾಡಿಕೊಂಡು, ತನ್ನ ಬಳಿ ಇದ್ದಷ್ಟು ದುಃಖವನ್ನೆಲ್ಲ ಮುಖಕ್ಕೆ ತಂದುಕೊಂಡಳು.

"ಏನ್ ಮಾಡೂದ್ರಿ ಅತ್ತಿ," ಎಂದಳು, "ಕ್ಯಾಮರಾ ಕೇಳೂದಿಲ್ಲ."